ಸಹಿ ಗಕುಚೋ ಅವರದು, ಬೀಗದ ಕೈ ರಿಜಿಚೋ ಅವರದು

ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕಿ. ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗಿನ ವ್ಯವಹಾರವೂ ನನ್ನ ತಲೆಯ ಮೇಲೆಯೇ ಇದೆ. ಹೋದ ವರ್ಷ ಜಪಾನಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರೆಸಿಡೆಂಟ್ ನಮ್ಮಲ್ಲಿಗೆ ಬಂದು ಒಡಂಬಡಿಕೆಗೆ ಸಹಿ ಹಾಕಿದರು. ಪದವಿ ಓದಲು ಹೋಗುವ ನಮ್ಮ ನಾಲ್ವರು ವಿದ್ಯಾರ್ಥಿಗಳಿಗೆ ಶುಲ್ಕ ಮಾಫಿ ಮಾಡುವ ಮಾತೂ ಬಂತು. ಎಂಟು ತಿಂಗಳಾಯಿತು. ಪತ್ರ ಬರೆದಾಗಲೆಲ್ಲ ‘ಪರಿಶೀಲಿಸುತ್ತಿದ್ದೇವೆ’ ಎನ್ನುತ್ತಾರೆ, ಮೊನ್ನೆ ‘ಬೋರ್ಡಿನ ಒಪ್ಪಿಗೆ ಬೇಕು’ ಎಂದರು. ಪ್ರೆಸಿಡೆಂಟ್‌ಗಿಂತ ಮೇಲೆ ಇನ್ಯಾರಿದ್ದಾರೆ? ಅವರು ನಮ್ಮ ಕುಲಪತಿಗಳ ಹಾಗೆಯೋ, ಬೇರೆಯೋ? ಅವರ ಕೈಯಲ್ಲಿ ನಿಜವಾಗಿ ಇರುವುದೇನು?

ಉತ್ತರ: ಮೇಡಂ, ನಿಮ್ಮ ಹತ್ತಿರ ಅವರ ವಿಸಿಟಿಂಗ್ ಕಾರ್ಡ್ ಇರುತ್ತದೆ. ಜಪಾನಿನವರು ಕಾರ್ಡ್ ಕೊಡದೆ ಮಾತೇ ಆರಂಭಿಸುವುದಿಲ್ಲ. ಅದರ ಇಂಗ್ಲಿಷ್ ಮಗ್ಗುಲನ್ನು ಬಿಟ್ಟು ಹಿಂದಿನ ಜಪಾನೀ ಮಗ್ಗುಲನ್ನು ಜಪಾನೀ ಓದಬಲ್ಲ ಯಾರಿಗಾದರೂ ತೋರಿಸಿ. ಅಲ್ಲಿ ‘ಗಕುಚೋ’ ಎಂದಷ್ಟೇ ಇದೆಯೋ, ಜೊತೆಗೆ ‘ರಿಜಿಚೋ’ ಎಂದೂ ಇದೆಯೋ? ನಿಮ್ಮ ಎಂಟು ತಿಂಗಳ ಕಾಯುವಿಕೆಗೆ ಕಾರಣ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಗಕುಚೋ ಎಂದರೆ ವಿದ್ಯೆಯ ಕಡೆಯ ಯಜಮಾನ. ಪಾಠ, ಪರೀಕ್ಷೆ, ಪದವಿ, ಸಂಶೋಧನೆ ಅವರ ಪಾಲು. ರಿಜಿಚೋ ಎಂದರೆ ಆ ವಿಶ್ವವಿದ್ಯಾಲಯವನ್ನು ಕಟ್ಟಿ ನಡೆಸುತ್ತಿರುವ ಸಂಸ್ಥೆಯ ಆಡಳಿತ ಮಂಡಳಿಯ ಮುಖ್ಯಸ್ಥ. ಹಣ, ಆಸ್ತಿ, ನೇಮಕಾತಿಯ ಒಟ್ಟು ಲೆಕ್ಕ ಅವರದು. ತುಂಬು ಕುಟುಂಬದಲ್ಲಿ ಒಲೆಯ ಮುಂದೆ ನಿಲ್ಲುವವರು ಒಬ್ಬರು, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರು ಇನ್ನೊಬ್ಬರು ಇರುತ್ತಿದ್ದರಲ್ಲ, ಹಾಗೆ. ನಿಮಗೆ ಊಟಕ್ಕೆ ಬನ್ನಿ ಎಂದು ಕರೆದವರು ಒಲೆಯ ಮುಂದಿನವರು. ಅಕ್ಕಿ ಅಳೆದುಕೊಡುವವರು ಆ ದಿನ ಬೆಂಗಳೂರಿಗೆ ಬಂದಿರಲಿಲ್ಲ. ಕನ್ನಡಕ್ಕೆ ತಂದರೆ ಇಬ್ಬರೂ ‘ಅಧ್ಯಕ್ಷ’ರೇ ಆಗಿಬಿಡುತ್ತಾರೆ, ಅದಕ್ಕೇ ಇಲ್ಲಿ ಜಪಾನೀ ಹೆಸರುಗಳನ್ನೇ ಇಟ್ಟುಕೊಳ್ಳುತ್ತೇನೆ.

ಈ ಇಬ್ಭಾಗ ಕಾನೂನಿನಲ್ಲೇ ಇದೆ. 1947ರ ಶಾಲಾ ಶಿಕ್ಷಣ ಕಾಯ್ದೆ ಗಕುಚೋ ಅವರನ್ನು ವಿಶ್ವವಿದ್ಯಾಲಯದ ಕೆಲಸಕಾರ್ಯಗಳನ್ನು ನಡೆಸುವವರು, ಸಿಬ್ಬಂದಿಯ ಮೇಲ್ವಿಚಾರಣೆ ಮಾಡುವವರು ಎಂದು ಗುರುತಿಸುತ್ತದೆ. 1949ರ ಖಾಸಗಿ ಶಾಲಾ ಕಾಯ್ದೆ ಬೇರೆಯದೇ ಕಥೆ ಹೇಳುತ್ತದೆ. ಅದರ ಪ್ರಕಾರ ಖಾಸಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ ನಡೆಸುವುದು ‘ಗಕ್ಕೋ ಹೋಜಿನ್’ ಎಂಬ ಲಾಭರಹಿತ ಸಂಸ್ಥೆ, ನಮ್ಮ ಎಜುಕೇಷನ್ ಟ್ರಸ್ಟಿನ ದೂರದ ನೆಂಟ. ಕನಿಷ್ಠ ಐವರು ನಿರ್ದೇಶಕರ ಮಂಡಳಿ, ಇಬ್ಬರು ಲೆಕ್ಕ ಪರಿಶೋಧಕರು, ಮೇಲೆ ಒಂದು ಸಲಹಾ ಮಂಡಳಿ ಇದಕ್ಕೆ ಬೇಕೇ ಬೇಕು. ನಿರ್ದೇಶಕರ ಮಂಡಳಿಯ ಮುಖ್ಯಸ್ಥರೇ ರಿಜಿಚೋ, ಸಂಸ್ಥೆಯ ಪರವಾಗಿ ಹೊರಗಿನವರ ಜೊತೆ ವ್ಯವಹರಿಸುವ ಅಧಿಕಾರ ಇರುವುದು ಅವರಿಗೆ. ಗಕುಚೋ ಆ ಮಂಡಳಿಯಲ್ಲಿ ಒಬ್ಬ ನಿರ್ದೇಶಕರಾಗಿ ಕೂರಬೇಕೆಂದು ಕಾನೂನು ಹೇಳುತ್ತದೆ. ಅಲ್ಲಿ ಅವರದು ಹತ್ತರಲ್ಲೊಂದು ದನಿ.

ನಮ್ಮ ಕಡೆಗೆ ಹೋಲಿಸಿದರೆ ರಿಜಿಚೋ ಸುಮಾರಾಗಿ ನಮ್ಮ ಖಾಸಗಿ ವಿಶ್ವವಿದ್ಯಾಲಯಗಳ ಕುಲಾಧಿಪತಿ, ಗಕುಚೋ ಕುಲಪತಿ. ಆದರೆ ಈ ಹೋಲಿಕೆಯನ್ನು ಹೆಚ್ಚು ದೂರ ಎಳೆದುಕೊಂಡು ಹೋಗಬೇಡಿ. ನಮ್ಮಲ್ಲಿ ಕುಲಪತಿಗಳನ್ನು ಮ್ಯಾನೇಜ್‌ಮೆಂಟ್ ತರುತ್ತದೆ, ಮ್ಯಾನೇಜ್‌ಮೆಂಟ್ ಕಳಿಸುತ್ತದೆ. ಜಪಾನಿನ ಹಳೆಯ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಗಕುಚೋ ಅವರನ್ನು ಬಹಳ ಕಡೆ ಸಹೋದ್ಯೋಗಿಗಳೇ ಮತ ಹಾಕಿ ಆರಿಸುತ್ತಾರೆ. ಮೂರೋ ನಾಲ್ಕೋ ವರ್ಷ ಕಳೆದ ಮೇಲೆ ಅವರು ಮತ್ತೆ ಅದೇ ಕಾರಿಡಾರಿಗೆ, ಅದೇ ಸಹೋದ್ಯೋಗಿಗಳ ಪಕ್ಕದ ಕೋಣೆಗೆ ಮರಳಬೇಕಾಗಬಹುದು. ಮತ ಹಾಕಿದವರೂ ಅವರೇ, ನಾಳೆ ಜೊತೆಗೆ ಕೂತು ಊಟ ಮಾಡುವವರೂ ಅವರೇ ಆದಾಗ ಯಾರೂ ಅಪ್ಪಣೆ ಕೊಡುವುದಿಲ್ಲ, ಒಪ್ಪಿಸುತ್ತಾರೆ. ಜಪಾನಿನ ಗಕುಚೋ ಅವರ ನಾಯಕತ್ವದ ಗುಟ್ಟು ಈ ಒಪ್ಪಿಸುವಿಕೆಯಲ್ಲಿದೆ ಎಂದು ನಾನು ನಂಬುತ್ತೇನೆ. ಅವರು ಎಷ್ಟು ಬಲಶಾಲಿ ಎಂಬುದು ಅವರನ್ನು ಆ ಕುರ್ಚಿಗೆ ತಂದವರು ಯಾರು ಎಂಬುದರ ಮೇಲೆ ನಿಂತಿದೆ.

ಹೆಸರುಗಳ ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಟೋಕಿಯೋದ ವಸೇದಾ, ಹೋಸೇ ವಿಶ್ವವಿದ್ಯಾಲಯಗಳಲ್ಲಿ ಮುಖ್ಯಸ್ಥರನ್ನು ‘ಸೋಚೋ’ ಎನ್ನುತ್ತಾರೆ. ಕೇಯೋದಲ್ಲಿ ‘ಜುಕುಚೋ’. ಜುಕು ಎಂದರೆ ಗುರುವಿನ ಮನೆಯಲ್ಲಿ ನಡೆಯುವ ಪಾಠಶಾಲೆ, ಹೆಚ್ಚುಕಡಿಮೆ ನಮ್ಮ ಕೂಲಿಮಠದಂಥದು. ಫುಕುಜಾವಾ ಯುಕಿಚಿ 1858ರಲ್ಲಿ ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಡಚ್ ವಿದ್ಯೆ ಕಲಿಸಲು ಇಂಥದೊಂದು ಶಾಲೆ ತೆರೆದರು. ಅದು ಕೇಯೋ ವಿಶ್ವವಿದ್ಯಾಲಯವಾಗಿ ಬೆಳೆದರೂ ಮುಖ್ಯಸ್ಥರು ಇಂದಿಗೂ ಆ ಪಾಠಶಾಲೆಯ ಹಿರಿಯರೇ. ಮೊನ್ನೆ 2024ರವರೆಗೂ ಹತ್ತು ಸಾವಿರ ಯೆನ್ ನೋಟಿನ ಮೇಲೆ ಇದ್ದದ್ದು ಇದೇ ಫುಕುಜಾವಾ ಅವರ ಮುಖ. ಅದೇ ವರ್ಷ ಐದು ಸಾವಿರದ ನೋಟಿನ ಮೇಲೆ ಬಂದ ತ್ಸುದಾ ಉಮೆಕೋ ಕೂಡ 1900ರಲ್ಲಿ ಹೆಣ್ಣುಮಕ್ಕಳಿಗಾಗಿ ಖಾಸಗಿ ಶಾಲೆ ಕಟ್ಟಿ, ಅದು ಮುಂದೆ ವಿಶ್ವವಿದ್ಯಾಲಯವಾದವರು. ಖಾಸಗಿ ವಿಶ್ವವಿದ್ಯಾಲಯ ಕಟ್ಟಿದವರನ್ನು ನೋಟಿನ ಮೇಲೆ ಕೂರಿಸುವ ದೇಶ ಅದು.

ಈ ಮೂರೂ ಕಡೆ, ಅಂದರೆ ವಸೇದಾ, ಕೇಯೋ, ಹೋಸೇಗಳಲ್ಲಿ, ವಿಶ್ವವಿದ್ಯಾಲಯದ ಮುಖ್ಯಸ್ಥರೇ ಆಡಳಿತ ಮಂಡಳಿಯ ಮುಖ್ಯಸ್ಥರೂ ಹೌದು. ಒಲೆಯೂ ಅವರದೇ, ಬೀಗದ ಕೈಯೂ ಅವರದೇ. ಇಂಥವರು ಸಹಿ ಹಾಕಿದ್ದರೆ ನಿಮ್ಮ ಕೆಲಸ ಬೇಗ ಆಗುತ್ತಿತ್ತೇನೋ. ಕ್ಯೋತೋದ ದೋಶಿಶಾ ಇನ್ನೊಂದು ತುದಿ. 1875ರಲ್ಲಿ ನೀಜಿಮಾ ಜೋ ಸ್ಥಾಪಿಸಿದ ಆ ಸಂಸ್ಥೆಯಲ್ಲಿ ರಿಜಿಚೋ, ಸೋಚೋ, ಗಕುಚೋ ಎಂಬ ಮೂರು ಹುದ್ದೆಗಳಿವೆ. ಅಲ್ಲಿ ಸೋಚೋ ಎಂದರೆ ಕೆಳಗಿನ ಶಾಲೆಗಳಿಂದ ವಿಶ್ವವಿದ್ಯಾಲಯದವರೆಗೆ ಇಡೀ ಸಂಸ್ಥೆಯ ಶಿಕ್ಷಣಕ್ಕೆ ಹಿರಿಯರು, ಗಕುಚೋ ವಿಶ್ವವಿದ್ಯಾಲಯಕ್ಕೆ ಮಾತ್ರ. ಒಂದೇ ಪದ ಟೋಕಿಯೋದಲ್ಲಿ ಒಂದು ಅರ್ಥ, ಕ್ಯೋತೋದಲ್ಲಿ ಇನ್ನೊಂದು. ಇಂಗ್ಲಿಷ್ ಕಾರ್ಡಿನಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಮೂರನೆಯ ಮಾದರಿ ಮನೆತನದ್ದು. ತ್ಯೂನಾ ಮೀನನ್ನು ಮೊಟ್ಟೆಯಿಂದ ದೊಡ್ಡದಾಗುವವರೆಗೆ ಸಾಕಿ, ಅದರ ಮೊಟ್ಟೆಯಿಂದ ಮತ್ತೆ ಮರಿ ಮಾಡುವ ವಿದ್ಯೆಯನ್ನು 2002ರಲ್ಲಿ ಸಾಧಿಸಿದ ಕಿಂದಾಯ್ ವಿಶ್ವವಿದ್ಯಾಲಯದ ಹೆಸರು ಕೇಳಿರಬಹುದು. 1949ರಲ್ಲಿ ಅದನ್ನು ಕಟ್ಟಿದ ಸೇಕೋ ಮನೆತನದವರು ತಲೆಮಾರುಗಳಿಂದ ರಿಜಿಚೋ ಆಗುತ್ತ ಬಂದಿದ್ದಾರೆ, ಗಕುಚೋ ಆಗಿ ಪ್ರಾಧ್ಯಾಪಕರು ಬರುತ್ತಾರೆ, ಹೋಗುತ್ತಾರೆ. ಇಂಥ ಕಡೆ ಗಕುಚೋ ಕೈಲಾಗದವರು ಎಂದೇನಲ್ಲ. ಮೂವತ್ತು ವರ್ಷ ಮುಂದಿನದನ್ನು ಯೋಚಿಸುವ ಮನೆತನ ಬೆನ್ನ ಹಿಂದೆ ಇದ್ದರೆ ಮೀನಿನ ಕೊಳಕ್ಕೆ ಮೂವತ್ತು ವರ್ಷ ದುಡ್ಡು ಸುರಿಯಬಹುದು. ಆ ತ್ಯೂನಾ ಕೆಲಸ ಆರಂಭವಾದದ್ದು 1970ರಲ್ಲಿ ಎಂಬುದನ್ನು ನೆನಪಿಡಿ. ನಾಲ್ಕು ವರ್ಷಕ್ಕೊಮ್ಮೆ ಮತಕ್ಕೆ ಹೋಗುವ ಯಾವ ಗಕುಚೋ ಆ ತಾಳ್ಮೆ ತೋರುತ್ತಿದ್ದರು?

ಆಯ್ಕೆಯ ವಿಷಯಕ್ಕೆ ಬರೋಣ, ಇದು ಸ್ವಾರಸ್ಯದ ಭಾಗ. ವಸೇದಾದಲ್ಲಿ ಬೋಧಕರೂ ಕಾಯಂ ಸಿಬ್ಬಂದಿಯೂ ಮತ ಹಾಕುತ್ತಾರೆ. ಅಭ್ಯರ್ಥಿಗಳ ಬಗ್ಗೆ ವಿಶ್ವಾಸ ಇದೆಯೋ ಇಲ್ಲವೋ ಎಂದು ವಿದ್ಯಾರ್ಥಿಗಳಿಗೂ ಒಂದು ಮತ ಇದೆ. ಕೇಯೋದಲ್ಲಿ ಮತದಾನ ನಡೆದರೂ ಕೊನೆಯ ಮಾತು ಆಯ್ಕೆ ಸಮಿತಿಯದು. 2017ರಲ್ಲಿ ಮತಗಳಲ್ಲಿ ಎರಡನೆಯ ಸ್ಥಾನ ಪಡೆದವರನ್ನೇ ಆರಿಸಿದಾಗ ಕ್ಯಾಂಪಸ್ಸಿನಲ್ಲಿ ದೊಡ್ಡ ಗೊಣಗಾಟವಾಯಿತು.

ಕ್ಯೋತೋ ಸೇಯ್ಕಾ ಎಂಬ ಚಿಕ್ಕ ಕಲಾ ವಿಶ್ವವಿದ್ಯಾಲಯ ನನಗೆ ಬಹಳ ಇಷ್ಟದ ಉದಾಹರಣೆ. ಮಾಂಗಾ, ಅಂದರೆ ಜಪಾನೀ ಚಿತ್ರಕಥೆಯ ಕಲೆಗೆ ಒಂದು ನಿಕಾಯವನ್ನೇ ತೆರೆದ ಜಾಗ ಅದು. 2014ರಿಂದ 2018ರವರೆಗೆ ಅಲ್ಲಿ ಗಕುಚೋ ಆಗಿದ್ದವರು ತಾಕೆಮಿಯಾ ಕೇಯ್ಕೋ, ಹೆಸರಾಂತ ಮಾಂಗಾ ಕಲಾವಿದೆ. ಅವರ ನಂತರ ಸಹೋದ್ಯೋಗಿಗಳು ಆರಿಸಿದ್ದು ಉಸ್ಬಿ ಸಾಕೋ ಅವರನ್ನು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬಮಾಕೋದಲ್ಲಿ ಹುಟ್ಟಿ, ಚೀನಾದಲ್ಲಿ ಓದಿ, 1991ರಲ್ಲಿ ಜಪಾನಿಗೆ ಬಂದು ಕ್ಯೋತೋದಲ್ಲಿ ವಾಸ್ತುಶಿಲ್ಪ ಕಲಿತವರು. ಜಪಾನಿನ ವಿಶ್ವವಿದ್ಯಾಲಯವೊಂದಕ್ಕೆ ಮುಖ್ಯಸ್ಥರಾದ ಮೊದಲ ಆಫ್ರಿಕಾ ಮೂಲದ ವ್ಯಕ್ತಿ. ಯಾವ ಮ್ಯಾನೇಜ್‌ಮೆಂಟೂ ಹೊರಗಿನಿಂದ ಹೇರದೆ, ಹದಿನೇಳು ವರ್ಷ ಜೊತೆಗೆ ದುಡಿದವರೇ ಮತ ಹಾಕಿ ಅವರನ್ನು ಕೂರಿಸಿದರು. ಮತದಾನದ ಪದ್ಧತಿಯಿಂದ ಬರೀ ಹಳೆಯ ಮುಖಗಳೇ ಬರುತ್ತವೆ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಬೆಪ್ಪು ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ 2000ದಲ್ಲಿ ಆರಂಭವಾದ ರಿತ್ಸುಮೇಯ್‌ಕಾನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯದ ದಾರಿ ಬೇರೆ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧ ಹೊರದೇಶದವರು. 2004ರಿಂದ 2009ರವರೆಗೆ ಶ್ರೀಲಂಕಾದ ಮೊಂಟೆ ಕಾಸಿಂ ಗಕುಚೋ ಆಗಿದ್ದರು. ಮುಂದೆ ಒಮ್ಮೆ ಸಾರ್ವಜನಿಕವಾಗಿ ಅರ್ಜಿ ಕರೆದು, 2018ರ ಜನವರಿಯಲ್ಲಿ ದೆಗುಚಿ ಹರುವಾಕಿ ಎಂಬವರನ್ನು ತಂದರು. ಜೀವವಿಮೆ ಕಂಪನಿ ಕಟ್ಟಿದ ಉದ್ಯಮಿ ಆತ, ಪ್ರಾಧ್ಯಾಪಕರಲ್ಲ, ಆಗ 69 ವರ್ಷ. ಜಪಾನಿನಲ್ಲಿ ಗಕುಚೋ ಹುದ್ದೆಗೆ ಅರ್ಜಿ ಕರೆಯುವುದೆಂದರೆ ಮಠಕ್ಕೆ ಸ್ವಾಮಿಗಳು ಬೇಕಾಗಿದ್ದಾರೆಂದು ಜಾಹೀರಾತು ಕೊಟ್ಟ ಹಾಗೆ, ಅಷ್ಟು ಸುದ್ದಿಯಾಯಿತು. 2021ರಲ್ಲಿ ದೆಗುಚಿ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಮರುವರ್ಷ ಅವರು ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿ, 2023ರ ಕೊನೆಯವರೆಗೂ ಹುದ್ದೆಯಲ್ಲಿದ್ದರು. ಒಂದು ಮಾತು ಗಮನಿಸಿ. ಆ ವಿಶ್ವವಿದ್ಯಾಲಯವನ್ನು ನಡೆಸುವ ಗಕ್ಕೋ ಹೋಜಿನ್ ಇರುವುದು ಕ್ಯೋತೋದಲ್ಲಿ, ಅದೇ ಸಂಸ್ಥೆ ರಿತ್ಸುಮೇಯ್‌ಕಾನ್ ವಿಶ್ವವಿದ್ಯಾಲಯವನ್ನೂ ನಡೆಸುತ್ತದೆ. ಬೆಪ್ಪುವಿನಲ್ಲಿ ಗಕುಚೋ ಎಷ್ಟೇ ವರ್ಚಸ್ಸಿನವರಾದರೂ ದೊಡ್ಡ ಖರ್ಚಿಗೆ ಕ್ಯೋತೋ ಕಡೆ ಮುಖ ಮಾಡಲೇಬೇಕು.

ಇಷ್ಟು ಮೇಲಿನ ಮಾತು. ಗಕುಚೋ ಅವರ ಕೆಳಗೆ ಇನ್ನೊಂದು ಬೆಟ್ಟ ಇದೆ, ಅದರ ಹೆಸರು ‘ಕ್ಯೋಜುಕಾಯ್’, ಪ್ರಾಧ್ಯಾಪಕರ ಸಭೆ. ಪ್ರತಿ ನಿಕಾಯಕ್ಕೂ ಒಂದೊಂದು. ನಾನು ಕ್ಯೋತೋ, ಒಸಾಕಾ ಸುತ್ತಿನ ಕನ್ಸಾಯ್ ಭಾಗದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಹನ್ನೊಂದು ವರ್ಷ ಪಾಠ ಮಾಡಿದ್ದೇನೆ, ಈ ಸಭೆಗಳಲ್ಲಿ ಕೂತು ಕೂತು ಬೆನ್ನುನೋವು ಬರಿಸಿಕೊಂಡವನು. ಮಧ್ಯಾಹ್ನ ಮೂರಕ್ಕೆ ಆರಂಭವಾದರೆ ದೀಪ ಹಚ್ಚಿದ ಮೇಲೆ ಏಳುವುದು. ದಪ್ಪನೆ ಕಾಗದದ ಕಟ್ಟು, ಕಾರ್ಯಸೂಚಿಯಲ್ಲಿ ಮೂವತ್ತು ವಿಷಯ. 2014ರವರೆಗೆ ಕಾನೂನಿನಲ್ಲಿ ಈ ಸಭೆ ‘ಮಹತ್ವದ ವಿಷಯಗಳನ್ನು ಚರ್ಚಿಸಿ ತೀರ್ಮಾನಿಸುವ’ ಜಾಗ ಎಂಬ ಅರ್ಥ ಬರುವಂತಿತ್ತು. ಯಾವುದು ಮಹತ್ವದ್ದಲ್ಲ ಹೇಳಿ? ಬೋಧಕರ ನೇಮಕದಿಂದ ಹಿಡಿದು ಕ್ಯಾಂಪಸ್ಸಿನ ಸ್ಥಳಾಂತರದವರೆಗೆ ಎಲ್ಲವೂ ಅಲ್ಲಿಗೆ ಬರುತ್ತಿತ್ತು. ಒಂದು ನಿಕಾಯ ಬೇಡ ಎಂದರೆ ಗಕುಚೋ ಕೈ ಕಟ್ಟಿ ಕೂರಬೇಕಿತ್ತು.

2014ರ ಜೂನ್‌ನಲ್ಲಿ ಶಾಲಾ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ಬಂತು, 2015ರ ಏಪ್ರಿಲ್‌ನಿಂದ ಜಾರಿ. ಈಗ ಪ್ರಾಧ್ಯಾಪಕರ ಸಭೆ ವಿದ್ಯಾರ್ಥಿಗಳ ಪ್ರವೇಶ, ತೇರ್ಗಡೆ, ಪದವಿ ಪ್ರದಾನದ ಬಗ್ಗೆ, ಮತ್ತೆ ಗಕುಚೋ ಅವರೇ ಗೊತ್ತುಮಾಡಿದ ವಿಷಯಗಳ ಬಗ್ಗೆ ‘ಅಭಿಪ್ರಾಯ ಹೇಳುತ್ತದೆ’. ತೀರ್ಮಾನ ಗಕುಚೋ ಅವರದು. ಕಾಗದದ ಮೇಲೆ ಇದು ದೊಡ್ಡ ಬದಲಾವಣೆ, ಸರ್ಕಾರದ ಬಯಕೆಯೂ ಅದೇ ಆಗಿತ್ತು: ಬಲವಾದ ಮುಖ್ಯಸ್ಥ, ಬೇಗ ಬೇಗ ನಿರ್ಧಾರ. ನಾನು ಕಂಡಂತೆ ಸಭೆಯ ಹೊತ್ತೇನೂ ಕಡಿಮೆಯಾಗಲಿಲ್ಲ. ನಿಕಾಯದ ಡೀನ್‌ಗಳನ್ನು ಬಹಳ ಕಡೆ ಇನ್ನೂ ಸಹೋದ್ಯೋಗಿಗಳೇ ಆರಿಸುತ್ತಾರೆ. ಅಭಿಪ್ರಾಯವನ್ನು ಮೀರಿ ನಡೆದ ಗಕುಚೋ ಮುಂದಿನ ಚುನಾವಣೆಯಲ್ಲಿ ಸೋಲುತ್ತಾರೆ, ಅಥವಾ ಅವರು ಹೇಳಿದ ಹೊಸ ಕೋರ್ಸಿಗೆ ಪಾಠ ಮಾಡಲು ಯಾರೂ ಮುಂದೆ ಬರುವುದಿಲ್ಲ.

ಆದ್ದರಿಂದ ‘ನೆಮವಾಶಿ’. ಮರವನ್ನು ಕಿತ್ತು ಬೇರೆ ಕಡೆ ನೆಡುವ ಮೊದಲು ಬುಡದ ಸುತ್ತ ಮಣ್ಣು ಬಿಡಿಸಿ, ಬೇರುಗಳನ್ನು ತಿಂಗಳುಗಟ್ಟಲೆ ಹದಗೊಳಿಸುವ ತೋಟದ ಕೆಲಸಕ್ಕೆ ಇರುವ ಹೆಸರು ಅದು. ಸಭೆಗೆ ಮುಂಚೆ ಒಬ್ಬೊಬ್ಬರನ್ನೇ ಭೇಟಿಯಾಗಿ ವಿಷಯ ಹೇಳಿ, ಆಕ್ಷೇಪಣೆ ಕೇಳಿಸಿಕೊಂಡು, ಅಲ್ಲಲ್ಲಿ ತಿದ್ದಿ, ಸಭೆಗೆ ಬರುವ ಹೊತ್ತಿಗೆ ಎಲ್ಲರೂ ಹೂಂ ಎನ್ನುವಂತೆ ಮಾಡುವುದಕ್ಕೂ ಅದೇ ಹೆಸರು. ಒಳ್ಳೆಯ ಗಕುಚೋ ಇಡೀ ದಿನ ಮಾಡುವುದು ಈ ಕೆಲಸವನ್ನೇ. ನಮ್ಮ ಗಕುಚೋ ಒಬ್ಬರು ಮಳೆಗಾಲದ ಮಧ್ಯಾಹ್ನ ಛತ್ರಿ ಹಿಡಿದು ಮೂರು ಕಟ್ಟಡ ದಾಟಿ, ತಮಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಸಹಪ್ರಾಧ್ಯಾಪಕರ ಕೋಣೆಗೆ ಹೋಗಿ ಕೂತದ್ದನ್ನು ನೋಡಿದ್ದೇನೆ. ಎರಡು ವಿಭಾಗಗಳನ್ನು ಒಂದು ಮಾಡಬೇಕಿತ್ತು, ಆ ಹುಡುಗ ಒಪ್ಪಿರಲಿಲ್ಲ. ಕರೆಸಿಕೊಳ್ಳಬಹುದಿತ್ತು. ಕರೆಸಿಕೊಂಡಿದ್ದರೆ ಆತ ಬಂದು ತಲೆಬಾಗಿಸಿ, ಹಿಂದೆ ಹೋಗಿ ವಿರೋಧವಾಗಿಯೇ ಮತ ಹಾಕುತ್ತಿದ್ದ.

ಹಾಗಾದರೆ ಈ ಎರಡು ಮಂಡಳಿಗಳ ನಡುವೆ ಗಕುಚೋ ಹೊರುವ ಭಾರ ಯಾವುದು? ಒಂದೇ ಪದದಲ್ಲಿ ಹೇಳುವುದಾದರೆ, ಮಕ್ಕಳು. ಜಪಾನಿನಲ್ಲಿ 1992ರಲ್ಲಿ 18 ವರ್ಷದವರು 20.5 ಲಕ್ಷ ಇದ್ದರು. 2024ರಲ್ಲಿ ಸುಮಾರು 10.6 ಲಕ್ಷ. ಅದೇ ಅವಧಿಯಲ್ಲಿ ವಿಶ್ವವಿದ್ಯಾಲಯಗಳು ಕಡಿಮೆಯಾಗುವ ಬದಲು ಹೆಚ್ಚಾಗಿ ಈಗ ಎಂಟುನೂರು ದಾಟಿವೆ, ಅದರಲ್ಲಿ ಮುಕ್ಕಾಲು ಪಾಲು ಖಾಸಗಿ. 2024ರ ವಸಂತದಲ್ಲಿ ಲೆಕ್ಕ ಹಾಕಿದ 598 ಖಾಸಗಿ ವಿಶ್ವವಿದ್ಯಾಲಯಗಳಲ್ಲಿ 354ಕ್ಕೆ, ಅಂದರೆ ಶೇ 59.2ರಷ್ಟಕ್ಕೆ, ಸೀಟು ತುಂಬಲಿಲ್ಲ. 1975ರ ಕಾಯ್ದೆಯಂತೆ ಖಾಸಗಿ ವಿಶ್ವವಿದ್ಯಾಲಯಗಳ ನಿತ್ಯದ ಖರ್ಚಿನಲ್ಲಿ ಅರ್ಧದವರೆಗೂ ಸರ್ಕಾರ ಅನುದಾನ ಕೊಡಬಹುದು. 1980ರಲ್ಲಿ ಅದು ಶೇ 29.5ರವರೆಗೆ ಏರಿ, ಆಮೇಲೆ ಇಳಿಯುತ್ತ ಬಂದು ಈಗ ಶೇ 10ರ ಆಸುಪಾಸಿನಲ್ಲಿದೆ. ವೈದ್ಯಕೀಯ ಕಾಲೇಜಿಲ್ಲದ ಕಡೆ ಬದುಕು ನಿಂತಿರುವುದು ಶುಲ್ಕದ ಮೇಲೆ. ಸೀಟು ಖಾಲಿ ಬಿದ್ದರೆ ಅನುದಾನಕ್ಕೂ ಕತ್ತರಿ ಬೀಳುತ್ತದೆ.

ಟೋಕಿಯೋ ಪಕ್ಕದ ತಮಾ ನಗರದಲ್ಲಿರುವ ಕೇಯ್‌ಸೆನ್ ಎಂಬ ಮಹಿಳಾ ವಿಶ್ವವಿದ್ಯಾಲಯ 1988ರಲ್ಲಿ ತೆರೆದದ್ದು. 2023ರ ಮಾರ್ಚ್‌ನಲ್ಲಿ, 2024ರಿಂದ ಹೊಸ ವಿದ್ಯಾರ್ಥಿನಿಯರನ್ನು ತೆಗೆದುಕೊಳ್ಳುವುದಿಲ್ಲ ಎಂದು ಪ್ರಕಟಿಸಿತು. ಇಂಥ ತೀರ್ಮಾನ ಮಾಡುವುದು ಆಡಳಿತ ಮಂಡಳಿ. ಇರುವ ಮಕ್ಕಳಿಗೆ ಕೊನೆಯ ಬ್ಯಾಚು ಹೊರಬೀಳುವವರೆಗೆ ಪಾಠ ಕೆಡದಂತೆ ನೋಡಿಕೊಳ್ಳುವುದು, ಪೋಷಕರಿಗೆ ಹೇಳುವುದು, ಬೋಧಕರು ಮೊದಲೇ ಓಡಿಹೋಗದಂತೆ ಹಿಡಿದಿಟ್ಟುಕೊಳ್ಳುವುದು ಗಕುಚೋ ಪಾಲಿಗೆ ಬರುತ್ತದೆ. ನಿಮ್ಮಲ್ಲಿಗೆ ಬಂದವರು ಬೆಂಗಳೂರಿನವರೆಗೆ ಯಾಕೆ ಬಂದರು ಎಂಬುದಕ್ಕೂ ಇದೇ ಉತ್ತರ. ಅವರಿಗೆ ಹುಡುಗರು ಬೇಕು, ಅದೂ ಶುಲ್ಕ ಕಟ್ಟುವ ಹುಡುಗರು. ನಿಮಗೆ ಬೇಕಿರುವುದು ಶುಲ್ಕ ಮಾಫಿ. ಸ್ನೇಹದ ಊಟದಲ್ಲಿ ಈ ವ್ಯತ್ಯಾಸ ಬಾಯಿಗೆ ಬಂದಿರಲಾರದು.

ಎರಡು ತಲೆಗಳ ವ್ಯವಸ್ಥೆ ಕೆಟ್ಟಾಗ ಏನಾಗುತ್ತದೆಂದು ತಿಳಿಯಲು ನಿಹೋನ್ ವಿಶ್ವವಿದ್ಯಾಲಯವನ್ನು ನೋಡಬೇಕು. ಸುಮಾರು 70 ಸಾವಿರ ವಿದ್ಯಾರ್ಥಿಗಳ, ಜಪಾನಿನಲ್ಲೇ ಅತಿ ದೊಡ್ಡ ವಿಶ್ವವಿದ್ಯಾಲಯ ಅದು. 1968ರಲ್ಲಿ ತೆರಿಗೆ ಇಲಾಖೆಯ ತನಿಖೆಯಲ್ಲಿ ಸುಮಾರು 200 ಕೋಟಿ ಯೆನ್‌ಗೆ ಲೆಕ್ಕವೇ ಇಲ್ಲ ಎಂದು ಹೊರಬಿತ್ತು. ವಿದ್ಯಾರ್ಥಿಗಳು ಎದ್ದುನಿಂತರು. ಸೆಪ್ಟೆಂಬರ್ 30ರಂದು ಟೋಕಿಯೋದ ರ್‍ಯೋಗೊಕುವಿನ ಸಭಾಂಗಣದಲ್ಲಿ ಸಾವಿರಾರು ವಿದ್ಯಾರ್ಥಿಗಳ ಎದುರು ಸಂಸ್ಥೆಯ ಮುಖ್ಯಸ್ಥ ಫುರುತಾ ಜುಜಿರೋ ಕ್ಷಮೆ ಕೇಳಿ ಬೇಡಿಕೆಗಳಿಗೆ ಸಹಿ ಹಾಕಿದರು. ಪ್ರಧಾನಿ ಸಾತೋ ಅದನ್ನು ಟೀಕಿಸಿದ ಮೇಲೆ ಫುರುತಾ ಮಾತಿಗೆ ತಪ್ಪಿದರು. ಆ ಸಭಾಂಗಣ ಹಿಂದೆ ಸುಮೋ ಕುಸ್ತಿಯ ಅಖಾಡವಾಗಿತ್ತು. ನಾಲ್ಕು ದಶಕದ ನಂತರ, 2008ರಲ್ಲಿ, ಅದೇ ವಿಶ್ವವಿದ್ಯಾಲಯಕ್ಕೆ ರಿಜಿಚೋ ಆಗಿ ಬಂದ ತನಾಕಾ ಹಿದೆತೋಶಿ ಕೂಡ ಹವ್ಯಾಸಿ ಸುಮೋದಲ್ಲಿ ಮೆರೆದ ಪೈಲ್ವಾನರೇ.

2018ರ ಮೇ ತಿಂಗಳಲ್ಲಿ ಅಮೆರಿಕನ್ ಫುಟ್ಬಾಲ್ ಪಂದ್ಯದಲ್ಲಿ ನಿಹೋನ್ ತಂಡದ ಆಟಗಾರ, ಚೆಂಡು ಕೈಬಿಟ್ಟಿದ್ದ ಎದುರಾಳಿಯನ್ನು ಹಿಂದಿನಿಂದ ಬಂದು ಕೆಡವಿದ. ವಿಡಿಯೊ ಇಡೀ ದೇಶ ನೋಡಿತು. ಮೇ 25ರಂದು ಪತ್ರಕರ್ತರ ಮುಂದೆ ಬಂದು ತಲೆಬಾಗಿ ಕ್ಷಮೆ ಕೇಳಿದವರು ಗಕುಚೋ. ರಿಜಿಚೋ ಹೊರಗೆ ಬರಲೇ ಇಲ್ಲ. ಈ ಒಂದು ದೃಶ್ಯದಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ, ಮೇಡಂ: ಬಾಗುವ ಬೆನ್ನು ಒಬ್ಬರದು, ಅಧಿಕಾರ ಇನ್ನೊಬ್ಬರದು. 2021ರ ನವೆಂಬರ್‌ನಲ್ಲಿ ತನಾಕಾ ತೆರಿಗೆ ತಪ್ಪಿಸಿದ ಆರೋಪದ ಮೇಲೆ ಬಂಧನಕ್ಕೊಳಗಾದರು, ಮರುವರ್ಷ ಶಿಕ್ಷೆಯೂ ಆಯಿತು. ವರ್ಷಕ್ಕೆ ಸುಮಾರು 900 ಕೋಟಿ ಯೆನ್‌ನಷ್ಟು ಬರುತ್ತಿದ್ದ ಸರ್ಕಾರದ ಅನುದಾನ ಪೂರ್ತಿ ನಿಂತಿತು.

2022ರ ಜುಲೈಯಲ್ಲಿ ಅಲ್ಲಿಯೇ ಓದಿದ ಜನಪ್ರಿಯ ಕಾದಂಬರಿಕಾರ್ತಿ ಹಯಾಶಿ ಮರಿಕೋ ರಿಜಿಚೋ ಆಗಿ ಬಂದರು. ಹೊಸ ಗಾಳಿ ಬೀಸಿತು ಎಂದುಕೊಳ್ಳುವಷ್ಟರಲ್ಲಿ 2023ರ ಬೇಸಿಗೆಯಲ್ಲಿ ಅದೇ ಫುಟ್ಬಾಲ್ ತಂಡದ ಹಾಸ್ಟೆಲಿನಲ್ಲಿ ಗಾಂಜಾ ಸಿಕ್ಕಿತು. ಜುಲೈ 6ರಂದು ಅದನ್ನು ವಶಕ್ಕೆ ತೆಗೆದುಕೊಂಡ ಉಪ ಗಕುಚೋ, ಅವರು ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರು, ಪೊಲೀಸರಿಗೆ ತಿಳಿಸಿದ್ದು 18ರಂದು. ಪತ್ರಿಕೆಗಳು ಅದನ್ನು ‘12 ದಿನಗಳ ಖಾಲಿ’ ಎಂದು ಕರೆದವು. ಗಕುಚೋ ಕಡೆಯಿಂದ ರಿಜಿಚೋ ಕಡೆಗೆ ಸರಿಯಾದ ಹೊತ್ತಿಗೆ ಸರಿಯಾದ ಮಾಹಿತಿ ಹೋಗಿರಲಿಲ್ಲ. ಕೊನೆಗೆ ಗಕುಚೋ ಮತ್ತು ಉಪ ಗಕುಚೋ ಇಬ್ಬರೂ ಹುದ್ದೆ ಬಿಡಬೇಕಾಯಿತು, ರಿಜಿಚೋ ಉಳಿದರು. ಹಳೆಯ ರಿಜಿಚೋ ಕಾಲದಲ್ಲಿ ಗಕುಚೋ ಬಾಯಿ ಬಿಡಲಾರದೆ ಕೂತಿದ್ದರೆ, ಹೊಸ ರಿಜಿಚೋ ಕಾಲದಲ್ಲಿ ಗಕುಚೋ ಕಡೆಯವರು ಬಾಯಿ ಬಿಡದೆ ಕೂತರು. ರೋಗ ಒಂದೇ, ಮೈ ಬೇರೆ.

ಹಾಗೆಂದು ಇಬ್ಬರೂ ಒಂದಾಗಿದ್ದರೆ ಒಳ್ಳೆಯದು ಎಂದುಕೊಳ್ಳಬೇಡಿ. 2018ರಲ್ಲಿ ಟೋಕಿಯೋದ ಒಂದು ಖಾಸಗಿ ವೈದ್ಯಕೀಯ ವಿಶ್ವವಿದ್ಯಾಲಯದ ಹಗರಣದಲ್ಲಿ ರಿಜಿಚೋ ಮತ್ತು ಗಕುಚೋ ಇಬ್ಬರ ಮೇಲೂ ಮೊಕದ್ದಮೆ ಬಿತ್ತು. ಶಿಕ್ಷಣ ಸಚಿವಾಲಯದ ಅಧಿಕಾರಿಯೊಬ್ಬರ ಮಗನಿಗೆ ಪ್ರವೇಶ ಪರೀಕ್ಷೆಯಲ್ಲಿ ಅಂಕ ಕೂಡಿಸಿದ ವಿಷಯ ಅದು. ಅದನ್ನು ಕೆದಕಿದಾಗ ವರ್ಷಗಳಿಂದ ಹೆಣ್ಣುಮಕ್ಕಳ ಅಂಕಗಳನ್ನು ಇಳಿಸುತ್ತಿದ್ದದ್ದೂ ಹೊರಬಂತು. ಕೈ ಹಿಡಿದು ನಿಲ್ಲಿಸಬೇಕಾದ ಇಬ್ಬರೂ ಒಂದೇ ದೋಣಿಯಲ್ಲಿದ್ದರು.

ಇಂಥವುಗಳ ಒತ್ತಡದಿಂದಲೇ 2023ರಲ್ಲಿ ಖಾಸಗಿ ಶಾಲಾ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ, 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಮೊದಲು ನಿರ್ದೇಶಕರೇ ಸಲಹಾ ಮಂಡಳಿಯಲ್ಲೂ ಕೂತು ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಳ್ಳಬಹುದಿತ್ತು. ಈಗ ಎರಡರಲ್ಲೂ ಇರುವಂತಿಲ್ಲ. ನಿರ್ದೇಶಕರನ್ನು ಆರಿಸುವವರು ಯಾರೆಂದು ಸಂಸ್ಥೆಯ ನಿಯಮದಲ್ಲೇ ಗೊತ್ತುಮಾಡಿರಬೇಕು, ಪರಿಶೋಧಕರನ್ನು ಸಲಹಾ ಮಂಡಳಿ ಆರಿಸಬೇಕು. ಗಕುಚೋ ಅವರ ಪಾತ್ರವನ್ನು ಕಾಯ್ದೆ ನೇರವಾಗಿ ಮುಟ್ಟಿಲ್ಲ. ಆದರೆ ರಿಜಿಚೋ ಮೇಲೆ ಕಣ್ಣಿಡುವವರು ಹೆಚ್ಚಾದಾಗ ಗಕುಚೋಗೆ ಮಾತನಾಡಲು ಸ್ವಲ್ಪ ಜಾಗ ಸಿಗುತ್ತದೆ ಎಂಬುದು ನನ್ನ ಅಂದಾಜು.

ಇನ್ನು ನಿಮ್ಮ ನಾಲ್ವರ ವಿಷಯ. ಖಾಸಗಿ ವಿಶ್ವವಿದ್ಯಾಲಯಗಳ ವಾರ್ಷಿಕ ಬೋಧನಾ ಶುಲ್ಕ ಸರಾಸರಿ ಒಂಬತ್ತೂವರೆ ಲಕ್ಷ ಯೆನ್ ಹತ್ತಿರ ಇದೆ. ನಾಲ್ವರಿಗೆ ಮಾಫಿ ಎಂದರೆ ವರ್ಷಕ್ಕೆ 38 ಲಕ್ಷ ಯೆನ್, ಪದವಿ ಮುಗಿಯುವವರೆಗೆ ನಾಲ್ಕು ಪಟ್ಟು. ಇದು ಬಜೆಟ್ಟಿನ ಮಾತು, ಗಕುಚೋ ಒಬ್ಬರೇ ಹೂಂ ಎನ್ನಲಾರರು. ಅಲ್ಲಿಯ ಆರ್ಥಿಕ ವರ್ಷ ನಮ್ಮ ಹಾಗೆಯೇ ಏಪ್ರಿಲ್‌ನಿಂದ ಮಾರ್ಚ್. ಬಜೆಟ್ಟಿಗೆ ಮೊದಲು ಸಲಹಾ ಮಂಡಳಿಯ ಅಭಿಪ್ರಾಯ ಕೇಳಿ ಆಮೇಲೆ ನಿರ್ದೇಶಕರ ಮಂಡಳಿ ಅಂಗೀಕರಿಸಬೇಕು. ಸಾಮಾನ್ಯವಾಗಿ ಅದು ಮಾರ್ಚ್ ಹೊತ್ತಿಗೆ ನಡೆಯುತ್ತದೆ, ಆದರೆ ಒಳಗಿನ ಕೂಡಿಕಳೆಯುವಿಕೆ ಶರತ್ಕಾಲದಲ್ಲೇ ಮುಗಿದಿರುತ್ತದೆ. ಜನವರಿಯಲ್ಲಿ ಕೇಳಿದರೆ ಬಸ್ಸು ಹೋದ ಮೇಲೆ ಕೈ ಎತ್ತಿದ ಹಾಗೆ. ದಸರೆಯ ಮುಂಚೆ ಬರೆಯಿರಿ.

ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಶುಲ್ಕ ಮಾಫಿಯನ್ನು ಬಿಟ್ಟು ವಿದ್ಯಾರ್ಥಿ ವಿನಿಮಯ ಕೇಳಿ. ನಿಮ್ಮ ಇಬ್ಬರು ಅಲ್ಲಿಗೆ, ಅವರ ಇಬ್ಬರು ಇಲ್ಲಿಗೆ, ಒಂದು ಸೆಮಿಸ್ಟರೋ ಒಂದು ವರ್ಷವೋ. ಅವರವರು ಅವರವರ ಮನೆಯಲ್ಲೇ ಶುಲ್ಕ ಕಟ್ಟುತ್ತಾರೆ, ಉಗ್ರಾಣದ ಬಾಗಿಲು ತೆರೆಯಬೇಕಾಗಿಲ್ಲ. ಇದು ಗಕುಚೋ ಅವರ ವ್ಯಾಪ್ತಿಯಲ್ಲೇ ಬಹುತೇಕ ಆಗುವ ಕೆಲಸ. ಇಂಥ ವಿನಿಮಯಕ್ಕೆ ಜಪಾನ್ ಸರ್ಕಾರದ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಜಾಸೋ ಕೊಡುವ ತಿಂಗಳಿಗೆ 80 ಸಾವಿರ ಯೆನ್ ವಿದ್ಯಾರ್ಥಿವೇತನವೂ ಇದೆ, ಆದರೆ ಅದಕ್ಕೆ ಅರ್ಜಿ ಹಾಕಬೇಕಾದವರು ಅಲ್ಲಿಯ ವಿಶ್ವವಿದ್ಯಾಲಯದವರು.

ಶುಲ್ಕ ಮಾಫಿಯೇ ಬೇಕೆಂದಿದ್ದರೆ ಮೊದಲು ಅವರ ‘ಕಿಫು ಕೋಯಿ’ ತರಿಸಿ ಓದಿಸಿ. ಅಕ್ಷರಶಃ ಅರ್ಥ ‘ದಾನದ ಕ್ರಿಯೆ’, ಕೆಲಸದಲ್ಲಿ ನಮ್ಮ ಟ್ರಸ್ಟ್ ಡೀಡ್. ಅದನ್ನೂ ವಾರ್ಷಿಕ ವರದಿಯನ್ನೂ ಮಧ್ಯಮಾವಧಿ ಯೋಜನೆಯನ್ನೂ ಸಾರ್ವಜನಿಕರಿಗೆ ಸಿಗುವಂತೆ ಇಟ್ಟಿರುತ್ತಾರೆ. ರಿಜಿಚೋ ಮತ್ತು ಗಕುಚೋ ಒಬ್ಬರೇನಾ, ನಿರ್ದೇಶಕರು ಎಷ್ಟು ಮಂದಿ, ಗಕುಚೋ ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಈ ಕಾಗದಗಳಲ್ಲಿ ಸಿಗುತ್ತದೆ. ಯೋಜನೆಯಲ್ಲಿ ಭಾರತದ ಹೆಸರಿದ್ದರೆ ನಿಮ್ಮ ಪತ್ರದಲ್ಲಿ ಆ ಸಾಲನ್ನೇ ಎತ್ತಿ ಬರೆಯಿರಿ, ನಿಮ್ಮ ಗಕುಚೋ ಮಂಡಳಿಯ ಮುಂದೆ ಅದನ್ನು ಹಿಡಿದು ನಿಲ್ಲಬಹುದು. ಜೊತೆಗೆ ನಿಮ್ಮ ಕುಲಾಧಿಪತಿಗಳಿಂದ ಅವರ ರಿಜಿಚೋ ಅವರಿಗೆ ಒಂದು ಸೌಜನ್ಯದ ಪತ್ರ ಹೋಗಲಿ, ಗಕುಚೋ ಅವರನ್ನು ಹೊಗಳಿ, ಹಣದ ಮಾತೆತ್ತದೆ. ಗಕುಚೋ ಅವರನ್ನು ದಾಟಿ ನೇರವಾಗಿ ಹಣ ಕೇಳಿದಿರೋ, ನಿಮಗಾಗಿ ಓಡಾಡುತ್ತಿರುವ ಒಬ್ಬರನ್ನೂ ಕಳೆದುಕೊಳ್ಳುತ್ತೀರಿ.

‘ಪರಿಶೀಲಿಸುತ್ತಿದ್ದೇವೆ’ ಎಂಬ ಮಾತಿಗೆ ಜಪಾನಿನಲ್ಲಿ ಸಾಮಾನ್ಯವಾಗಿ ‘ಆಗುವುದಿಲ್ಲ’ ಎಂದೇ ಅರ್ಥ. ‘ಬೋರ್ಡಿನ ಒಪ್ಪಿಗೆ ಬೇಕು’ ಎಂದದ್ದು ಹಾಗಲ್ಲ, ಅದರಲ್ಲಿ ಇನ್ನೂ ಜೀವ ಇದೆ. ಯಾರೋ ಕಡತವನ್ನು ಮೇಲಕ್ಕೆ ಕಳಿಸಿದ್ದಾರೆ. ಆ ಯಾರೋ ಎಂದರೆ ಬಹುಶಃ ನಿಮಗೆ ಇಮೇಲ್ ಬರೆಯುತ್ತಿರುವ ಅಂತರರಾಷ್ಟ್ರೀಯ ವಿಭಾಗದ ಸಿಬ್ಬಂದಿ. ಅಲ್ಲಿ ಸಿಬ್ಬಂದಿಯ ವರ್ಗಾವಣೆ ಹೆಚ್ಚಾಗಿ ಏಪ್ರಿಲ್‌ನಲ್ಲಿ ಆಗುತ್ತದೆ. ಫೆಬ್ರುವರಿಯೊಳಗೆ ಅವರಿಂದ ಇದುವರೆಗಿನ ಮಾತುಕತೆಯ ಟಿಪ್ಪಣಿಯೊಂದನ್ನು ಬರೆಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೇ ತಿಂಗಳಲ್ಲಿ ಹೊಸಬರೊಬ್ಬರು ಬಹಳ ವಿನಯದಿಂದ ನಿಮ್ಮನ್ನು ‘ತಾವು ಯಾವ ವಿಷಯವಾಗಿ ಬರೆಯುತ್ತಿದ್ದೀರಿ’ ಎಂದು ಕೇಳುತ್ತಾರೆ.